ಒಂದೇ ಕಾಲ್, ನಾಲ್ಕು ಇನ್ವೈಟ್: ಕಮೈಲಿಯೋ ಸ್ಕ್ರಿಪ್ಟ್‌ನಲ್ಲಿ ಸಂಭಾಳಿಸುವುದು ಹೇಗೆ?

ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಬರುವ ದಿನಗಳಲ್ಲಿ ದಲ್ಲಾಳಿ ಅಂಗಡಿಗಳ ಫೋನಿಗೆ ಬಿಡುವೇ ಇರುವುದಿಲ್ಲ. ಅಂಥ ಅಂಗಡಿಗಳ ಇಂಟರ್ನೆಟ್ ಫೋನ್ ಲೈನುಗಳನ್ನು ನೀವು ಕಮೈಲಿಯೋ (ಇಂಟರ್ನೆಟ್ ಕರೆಗಳನ್ನು ಸರಿಯಾದ ಕಡೆಗೆ ಕಳಿಸುವ ತಂತ್ರಾಂಶ) ಸರ್ವರ್‌ನಲ್ಲಿ ನಡೆಸುತ್ತಿದ್ದು, ಬೆಳಗಿನ ಹೊತ್ತು ಡೇಟಾಬೇಸ್ ತೆವಳುತ್ತಿದ್ದರೆ, ಹೊಸ ಮಷಿನ್ ಕೊಳ್ಳುವ ಮೊದಲು ಕಮೈಲಿಯೋದ ಸ್ಕ್ರಿಪ್ಟ್ ನೋಡಿ. ಒಂದೇ ಕಾಲ್‌ಗೆ ಇನ್ವೈಟ್, ಅಂದರೆ ಕಾಲ್ ಶುರು ಮಾಡುವ ಮೆಸೇಜ್, ಹಲವು ಸಲ ಬರುತ್ತಿರಬಹುದು.

ಯುಡಿಪಿಯಲ್ಲಿ (ತಲುಪಿದ ಖಾತ್ರಿ ಕೊಡದ ಸಾಗಣೆ ವಿಧಾನ) ಕಳಿಸಿದ್ದು ತಲುಪಿತೋ ಇಲ್ಲವೋ ಫೋನಿಗೆ ಗೊತ್ತಾಗುವುದಿಲ್ಲ. ಅರ್ಧ ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಅದೇ ಇನ್ವೈಟ್ ಮತ್ತೆ ಕಳಿಸುತ್ತದೆ, ಆಮೇಲೆ 1, 2, 4 ಸೆಕೆಂಡ್ ಅಂತ ಅಂತರ ದುಪ್ಪಟ್ಟು ಮಾಡುತ್ತಾ ಹೋಗಿ, 32 ಸೆಕೆಂಡ್ ಆದ ಮೇಲೆ ಕೈಬಿಡುತ್ತದೆ. ಇದು ಇಂಟರ್ನೆಟ್ ಕರೆಗಳ ಸಿಪ್ ಪದ್ಧತಿಯನ್ನು ವಿವರಿಸುವ 2002ರ ಆರ್‌ಎಫ್‌ಸಿ 3261ರ ನಿಯಮ, ಫೋನಿನ ತಪ್ಪಲ್ಲ. ತೊಂದರೆ ಇರುವುದು ನಮ್ಮ ಕಡೆ. ಮೊದಲ ಇನ್ವೈಟ್ ಡೇಟಾಬೇಸ್‌ಗೆ ಕಾಯುತ್ತಿರುವಾಗಲೇ ಎರಡನೆಯದನ್ನು ಇನ್ನೊಂದು ವರ್ಕರ್ (ಕಮೈಲಿಯೋದ ಕೆಲಸಗಾರ ಪ್ರೋಸೆಸ್) ಎತ್ತಿಕೊಂಡು ಅದೇ ಕ್ವೆರಿ ಮತ್ತೆ ಓಡಿಸುತ್ತದೆ. ಡೇಟಾಬೇಸ್ ಇನ್ನೂ ನಿಧಾನ, ಇನ್ವೈಟ್ ಇನ್ನೂ ಜಾಸ್ತಿ.

ಮೊದಲು ಸಿಪ್ ಮೆಸೇಜುಗಳನ್ನು ತೋರಿಸುವ ಎಸ್‌ಎನ್‌ಗ್ರೆಪ್ (sngrep) ತೆರೆದು ಖಚಿತ ಮಾಡಿಕೊಳ್ಳಿ. ಇನ್ವೈಟ್‌ಗಳ ವಯಾ (Via) ಹೆಡರ್‌ನ ಬ್ರ್ಯಾಂಚ್ ಗುರುತು ಒಂದೇ ಇದ್ದು, ಸಿಸೀಕ್ (CSeq, ಕ್ರಮಸಂಖ್ಯೆ) ನಂಬರೂ ಒಂದೇ ಇದ್ದರೆ ಅದು ಮರುಕಳಿಸಿದ್ದೇ.

ಈಗ ಸ್ಕ್ರಿಪ್ಟ್. ಮ್ಯಾಕ್ಸ್-ಫಾರ್ವರ್ಡ್ಸ್ (ಮೆಸೇಜ್ ಎಷ್ಟು ಸರ್ವರ್ ದಾಟಬಹುದೆಂಬ ಮಿತಿ) ತಪಾಸಣೆ, ಕ್ಯಾನ್ಸಲ್ (ಕಾಲ್ ರದ್ದು) ನಿರ್ವಹಣೆ ಮುಗಿದ ಕೂಡಲೇ, ಅಥೆಂಟಿಕೇಶನ್‌ಗಿಂತ ಮೊದಲು, ಟಿ_ಪ್ರಿಚೆಕ್_ಟ್ರಾನ್ಸ್ (t_precheck_trans) ಫಂಕ್ಷನ್ ಕರೆಯಿರಿ. ಇನ್ನೂ ಟ್ರಾನ್ಸಾಕ್ಷನ್ (ಒಂದು ಮೆಸೇಜು, ಅದರ ಉತ್ತರಗಳ ದಾಖಲೆ) ಹುಟ್ಟದ, ಆದರೆ ಬೇರೆ ವರ್ಕರ್ ಕೈಯಲ್ಲಿರುವ ಮೆಸೇಜನ್ನೂ ಇದು ಹಿಡಿಯುತ್ತದೆ. ನಿಜ ಎಂದು ಬಂದರೆ ಟಿ_ಚೆಕ್_ಟ್ರಾನ್ಸ್ (t_check_trans) ಕರೆದು ಎಕ್ಸಿಟ್ ಮಾಡಿ. ಸುಳ್ಳಾದರೂ ಟಿ_ಚೆಕ್_ಟ್ರಾನ್ಸ್ ಒಮ್ಮೆ ಇರಲಿ. ಟ್ರಾನ್ಸಾಕ್ಷನ್ ಇದ್ದರೆ ಕೊನೆಯ ಉತ್ತರವನ್ನು ಅದೇ ಮತ್ತೆ ಕಳಿಸಿ ಸ್ಕ್ರಿಪ್ಟ್ ನಿಲ್ಲಿಸುತ್ತದೆ. ಎಸಿಕೆಯನ್ನು (ACK, ಉತ್ತರ ಮುಟ್ಟಿತೆಂದು ಫೋನ್ ಹೇಳುವ ಮೆಸೇಜ್) ಮಾತ್ರ ಇದರಿಂದ ಹೊರಗಿಡಿ.

ಆದರೆ ಇದು ಬಂದದ್ದನ್ನು ತಡೆಯುವ ಕೆಲಸ. ಬರದ ಹಾಗೆ ಮಾಡುವುದೇ ಒಳ್ಳೆಯದು, ಅಲ್ವಾ? ನಿಧಾನದ ಕ್ವೆರಿಗೆ ಮುಂಚೆ ಟ್ರಾನ್ಸಾಕ್ಷನ್ ಹುಟ್ಟಿಸುವ ಟಿ_ನ್ಯೂಟ್ರಾನ್ (t_newtran) ಹಾಕಿ, ಟಿ_ರಿಪ್ಲೈನಿಂದ (t_reply) 100 ಟ್ರೈಯಿಂಗ್, ಅಂದರೆ ‘ಪ್ರಯತ್ನ ನಡೆದಿದೆ’ ಎಂಬ ಉತ್ತರ ಕಳಿಸಿಬಿಡಿ. ಅದು ಮುಟ್ಟಿದ ಕೂಡಲೇ ಫೋನ್ ಇನ್ವೈಟ್ ಕಳಿಸುವುದನ್ನು ನಿಲ್ಲಿಸುತ್ತದೆ. ಕಾಲ್ ಮುಂದಕ್ಕೆ ಕಳಿಸುವ ಟಿ_ರಿಲೇ (t_relay) ತಾನಾಗಿಯೇ 100 ಕಳಿಸುತ್ತದೆ ನಿಜ, ಆದರೆ ಅಷ್ಟೊತ್ತಿಗೆ ಕ್ವೆರಿಯ ಕಾಯುವಿಕೆ ಮುಗಿದಿರುತ್ತದೆ.

ಒಂದು ಎಚ್ಚರಿಕೆ. ಸಿಕ್ಕಸಿಕ್ಕವರ ಇನ್ವೈಟ್‌ಗೆಲ್ಲ ಟ್ರಾನ್ಸಾಕ್ಷನ್ ಕಟ್ಟಿದರೆ ಮೆಮರಿ ಉಳಿಯುವುದಿಲ್ಲ. ಒಂದೇ ಕಡೆಯಿಂದ ಮೆಸೇಜ್ ಸುರಿಮಳೆ ಬಂದರೆ ಹಿಡಿಯುವ ಪೈಕ್ (pike) ಮಾಡ್ಯೂಲ್‌ನ ತಡೆ ಸ್ಕ್ರಿಪ್ಟ್‌ನಲ್ಲಿ ಇದಕ್ಕಿಂತ ಮೇಲೆ ಇರಬೇಕು.

ಪರೀಕ್ಷೆಗೆ, ಟೆಸ್ಟ್ ಸರ್ವರ್‌ನಲ್ಲಿ ಕ್ವೆರಿಯ ಮುಂದೆ 1 ಸೆಕೆಂಡ್ ಸ್ಲೀಪ್ ಹಾಕಿ, ಪರೀಕ್ಷಾ ಕಾಲ್ ಮಾಡುವ ಸಿಪ್‌ಪಿಯಿಂದ (SIPp) ಕಾಲ್ ಕಳಿಸಿ. 100 ಬೇಗ ಕಳಿಸದ ಸ್ಕ್ರಿಪ್ಟ್‌ನಲ್ಲಿ ಸಿಪ್‌ಪಿಯ ರಿಟ್ರಾನ್ಸ್ (ಮರುಕಳಿಸಿದ ಲೆಕ್ಕ) ಕಾಲಂ ಏರುತ್ತದೆ. ಸ್ಲೀಪ್‌ಗೆ ಮುಂಚೆ ಟಿ_ನ್ಯೂಟ್ರಾನ್, ಟಿ_ರಿಪ್ಲೈ ಸೇರಿಸಿದ ಮೇಲೆ ಸೊನ್ನೆಯಲ್ಲೇ ನಿಲ್ಲಬೇಕು.