ಹಿಮ್ಮಡಿಯ ಸ್ವಿಚ್ಚು, ಬರಿಗಾಲಿನ ಮನೆ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು, ವಯಸ್ಸು 62, ಬಲಭಾಗಕ್ಕೆ ಲಕ್ವ ಹೊಡೆದ ನಾಲ್ಕು ತಿಂಗಳಿಗೆ ಶಿವಮೊಗ್ಗದ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದರು. ಕೋಲು ಹಿಡಿದು ನಡೆಯುತ್ತಿದ್ದರು. ಆದರೆ ಹೆಜ್ಜೆ ಎತ್ತುವಾಗ ಬಲಪಾದ ಜೋತುಬಿದ್ದು ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಅದನ್ನು ತಪ್ಪಿಸಲು ಸೊಂಟವನ್ನೇ ಎತ್ತಿ, ಇಡೀ ಕಾಲನ್ನು ಕುಡುಗೋಲಿನಂತೆ ಹೊರಕ್ಕೆ ಬೀಸಿ ಮುಂದೆ ತರುತ್ತಿದ್ದರು. ಹತ್ತು ಮೀಟರ್ ನಡೆಯಲು 38 ಸೆಕೆಂಡು ಬೇಕಾಯಿತು. "ಡಾಕ್ಟರಮ್ಮ, ಹೊಸ್ತಿಲು ಕಂಡರೆ ಭಯವಾಗುತ್ತದೆ" ಎಂದರು. ಎರಡು ಸಲ ಅಲ್ಲೇ ಎಡವಿ ಬಿದ್ದಿದ್ದರಂತೆ.

ಲಕ್ವದಲ್ಲಿ ಪೆಟ್ಟು ಬೀಳುವುದು ಮೆದುಳಿಗೆ. ಕಾಲಿನ ನರ, ಸ್ನಾಯು ಜೀವಂತವಾಗಿಯೇ ಇರುತ್ತವೆ. ಅವಕ್ಕೆ ಅಪ್ಪಣೆ ತಲುಪುವುದಿಲ್ಲ. ಆ ಅಪ್ಪಣೆಯನ್ನು ಹೊರಗಿನಿಂದ ಕೊಡುವ, ಬ್ಯಾಟರಿಯಿಂದ ನಡೆಯುವ ಪುಟ್ಟ ಯಂತ್ರವೊಂದು ನನ್ನಲ್ಲಿದೆ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಬೆರಳಾಡಿಸಿದರೆ ಮೂಳೆಯ ಗುಬುಟೊಂದು ಸಿಗುತ್ತದೆ. ಪಾದ ಎತ್ತಿಸುವ ನರ ಅದರ ಕೆಳಗೇ, ಚರ್ಮಕ್ಕೆ ತೀರ ಹತ್ತಿರದಲ್ಲಿ ಬಳಸಿ ಬರುತ್ತದೆ. ಅಲ್ಲೊಂದು ಪ್ಯಾಡು, ಕಣಕಾಲಿನ ಮುಂಭಾಗದ ಸ್ನಾಯುವಿನ ಮೇಲೊಂದು. ಹಿಮ್ಮಡಿಯ ಕೆಳಗೆ ಸ್ವಿಚ್ಚು. ಹಿಮ್ಮಡಿ ಎದ್ದೊಡನೆ ಕರೆಂಟು ಹರಿದು ಪಾದ ಮೇಲೇಳುತ್ತದೆ, ನೆಲ ಮುಟ್ಟಿದೊಡನೆ ಕರೆಂಟು ನಿಲ್ಲುತ್ತದೆ. ಅಮೆರಿಕದಲ್ಲಿ ಲಿಬರ್ಸನ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ಉಪಾಯವಿದು. ಪೇಸ್‌ಮೇಕರ್ ಇರುವವರಿಗೆ, ಫಿಟ್ಸ್ ಹತೋಟಿಗೆ ಬಾರದವರಿಗೆ ನಾನಿದನ್ನು ಹಾಕುವುದಿಲ್ಲ.

ಮೊದಲ ದಿನ ಪ್ಯಾಡಿನ ಜಾಗ ಹುಡುಕಲು ಅರ್ಧ ಗಂಟೆ ಹಿಡಿಯಿತು. ಪಾದ ಎದ್ದಿತು, ಆದರೆ ಹೊರಕ್ಕೆ ತಿರುಚಿಕೊಂಡಿತು. ಮೇಲಿನ ಪ್ಯಾಡನ್ನು ಒಂದು ಬೆರಳಿನಷ್ಟು ಮುಂದಕ್ಕೆ ಸರಿಸಿದೆ, ನೇರವಾಗಿ ಎದ್ದಿತು. ಅವರು ತಮ್ಮ ಪಾದವನ್ನೇ ನೋಡುತ್ತ ಕುಳಿತರು. ಆಮೇಲೆ, "ಇನ್ನೊಮ್ಮೆ ಒತ್ತಿ" ಎಂದರು. ಜಾಗ ಮರೆಯದಂತೆ ಪೆನ್ನಿನಿಂದ ಚರ್ಮದ ಮೇಲೆ ಗೆರೆ ಎಳೆದು, ಅಂಟಿಸುವುದನ್ನು ಅವರ ಹೆಂಡತಿಗೆ ಕಲಿಸಿದೆ. ಪ್ಯಾಡು ತೆಗೆದ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕೆಂದೂ ಹೇಳಿದೆ. ಲಕ್ವ ಹೊಡೆದ ಕಾಲಿಗೆ ಉರಿ ಗೊತ್ತಾಗದೆ ಇರಬಹುದು.

ಕ್ಲಿನಿಕ್ಕಿನ ನೆಲದಲ್ಲಿ ಎಲ್ಲವೂ ಸರಿಯಾಗಿತ್ತು. ಯಂತ್ರವನ್ನು ಮನೆಗೆ ಕೊಟ್ಟು ಕಳಿಸಿದೆ. ವಾರದೊಳಗೆ ಫೋನ್ ಬಂತು: ಮತ್ತೆ ಬಿದ್ದಿದ್ದಾರೆ, ಅದೇ ಹೊಸ್ತಿಲಲ್ಲಿ.

ಮರುದಿನವೇ ಹೋದೆ. ಜಗುಲಿಯ ಕೆಳಗೆ ಅವರ ಶೂ ಇತ್ತು, ಶೂವಿನೊಳಗೆ ನನ್ನ ಸ್ವಿಚ್ಚು. ಅವರು ಒಳಗೆ ಬರಿಗಾಲಲ್ಲಿ ಕುಳಿತಿದ್ದರು. ದೇವರ ದೀಪ ಉರಿಯುವ ಮನೆಯೊಳಗೆ ಶೂ ಹಾಕಿಕೊಂಡು ಯಾರು ನಡೆಯುತ್ತಾರೆ? ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಅವರು ಬಿದ್ದದ್ದಕ್ಕೆ ಅವರ ಅಜಾಗ್ರತೆಯಲ್ಲ, ನನ್ನ ಮರೆವು ಕಾರಣ. ಅದನ್ನು ಅವರಿಗೆ ಹಾಗೆಯೇ ಹೇಳಿದೆ.

ಸೊಸೆ ಸೂಜಿ ದಾರ ತಂದರು. ದಪ್ಪ ಕಾಲುಚೀಲದ ಹಿಮ್ಮಡಿಗೆ ಒಳಗಿನಿಂದ ಬಟ್ಟೆಯ ಜೇಬು ಹೊಲಿದು ಸ್ವಿಚ್ಚನ್ನು ಅದರೊಳಗೆ ಕೂರಿಸಿದೆವು. ಕಾವಿ ನೆಲದ ಮೇಲೆ ಬರಿಯ ಕಾಲುಚೀಲ ಜಾರುತ್ತದೆ. ಅಡಿಗೆ ರಬ್ಬರ್ ಚುಕ್ಕಿಗಳಿರುವುದನ್ನು ಪೇಟೆಯಿಂದ ತರಿಸಿದೆವು. ಹೊಸ್ತಿಲ ಮೇಲೆಯೇ ಅಭ್ಯಾಸ ಶುರುವಾಯಿತು, ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ಮಳೆಗಾಲದ ತೇವಕ್ಕೆ ಪ್ಯಾಡು ಬೇಗ ಅಂಟು ಕಳೆದುಕೊಂಡಿತು. ಒಂದು ಜೊತೆ ಹೆಚ್ಚು ದಿನ ಬರಲಿಲ್ಲ.

ದೊಡ್ಡ ಊರಿನಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರಂತೆ, ಅಲ್ಲಿಗೆ ಹೋಗೋಣವೇ ಎಂದು ಮಗ ಕೇಳಿದ. ಸಾಲ ಮಾಡಿ ಹೋಗುವುದು ಬೇಡವೆಂದೆ. ಅಮೆರಿಕದಲ್ಲಿ 408 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂತಹ ಟ್ರೆಡ್‌ಮಿಲ್ಲಿನಲ್ಲಿ ನಡೆದವರೂ ಮನೆಯಲ್ಲಿ ಫಿಸಿಯೋಥೆರಪಿಸ್ಟ್ ಮಾಡಿಸಿದ ವ್ಯಾಯಾಮ ಮಾಡಿದವರೂ ವರ್ಷದ ಕೊನೆಗೆ ಒಂದೇ ಮಟ್ಟದಲ್ಲಿ ಸುಧಾರಿಸಿದ್ದರು. ಬದಲಿಗೆ ಮಗನ ಮೊಬೈಲಿಗೆ ತಾಳ ಹಾಕುವ ಆ್ಯಪ್ ಹಾಕಿಕೊಟ್ಟೆ. ಅವರ ಹೆಜ್ಜೆ ನಿಮಿಷಕ್ಕೆ 56 ಇತ್ತು, ತಾಳವನ್ನು 60ಕ್ಕೆ ಇಟ್ಟೆವು. ಅಂಗಳದಲ್ಲಿ ಸುತ್ತು ಹಾಕುವಾಗ ಎಡ ಬಲ ಹೆಜ್ಜೆಗಳ ಅಂತರ ಬರಬರುತ್ತ ಸಮವಾಯಿತು.

ಎಂಟು ವಾರಕ್ಕೆ ಹತ್ತು ಮೀಟರ್ ನಡೆಯಲು 24 ಸೆಕೆಂಡು, ಅಂದರೆ ಸೆಕೆಂಡಿಗೆ ಸುಮಾರು 0.42 ಮೀಟರ್. ಪೇಟೆಯಲ್ಲಿ ನಿರಾತಂಕವಾಗಿ ಓಡಾಡಲು 0.8 ಬೇಕೆನ್ನುವುದು ನಾವು ಬಳಸುವ ಅಳತೆ. ಅರ್ಧ ದಾರಿ ಆಗಿದೆ. ಕಳೆದ ಸಲ ಯಂತ್ರ ಬಂದ್ ಮಾಡಿ ಹೊಸ್ತಿಲು ದಾಟಿಸಿದೆ: ಹತ್ತರಲ್ಲಿ ಏಳು ಸಲ ಬೆರಳು ತಾಗಲಿಲ್ಲ.

ಈಗ ಅವರಿಗೆ ಹಳ್ಳದಾಚೆಯ ತೋಟಕ್ಕೆ ಹೋಗುವ ಆಸೆ. ಕಾಲುಸಂಕಕ್ಕೆ ಎರಡೂ ಬದಿ ಅಡಿಕೆ ದಬ್ಬೆಯ ಕೈಹಿಡಿ ಕಟ್ಟಿಸಿದ್ದಾರೆ. ಪಾಚಿ ಒಣಗಲಿ, ನಾನೂ ಜೊತೆಗೆ ಬರುತ್ತೇನೆ ಎಂದಿದ್ದೇನೆ.