ಹೆಂಚಿನ ಅಡಿಯ ಮುದ್ರೆ, ಪಕಾಸಿಯ ಮೇಲಿನ ಗೀರು

ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳನ್ನು ದುರಸ್ತಿ ಮಾಡುತ್ತ ಹದಿನಾಲ್ಕು ವರ್ಷ ಕಳೆದ ನನಗೆ ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಯೊಂದರ ಕೆಲಸವನ್ನು ಒಪ್ಪಿಸಿದವರು ಜಯನಗರದಲ್ಲಿ ನೆಲೆಸಿರುವ ಅದರ ಒಡೆಯರು. ಗೋಡೆಗಳು ಸೊಂಟದೆತ್ತರದವರೆಗೆ ತೇವಗೊಂಡಿವೆ, ಕೆಡವುವುದೇ ಲೇಸೆಂದು ಎಲ್ಲರೂ ಹೇಳುತ್ತಿದ್ದಾರೆ, ನೀವೊಮ್ಮೆ ಬಂದು ನೋಡಿ ಎಂದರು.

ಮೊದಲು ಮಾಡಿನಿಂದ ಒಂದು ಹೆಂಚನ್ನು ಇಳಿಸಿ ತಿರುವಿ ನೋಡಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮುದ್ರೆಯಿತ್ತು. ಆ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆದ್ದರಿಂದ ಈ ಹೊದಿಕೆ ಅದಕ್ಕಿಂತ ಹಳೆಯದಾಗಿರಲಾರದು. ಆದರೆ ಹೆಂಚಿನ ವಯಸ್ಸೇ ಮನೆಯ ವಯಸ್ಸಲ್ಲ. ಅಟ್ಟ ಹತ್ತಿ ಟಾರ್ಚು ಹಿಡಿದಾಗ, ಹಿಂಬದಿಯ ನಾಲ್ಕು ಪಕಾಸಿಗಳ, ಅಂದರೆ ಮಾಡನ್ನು ಹೊರುವ ಇಳಿಜಾರು ಮರಗಳ, ಮೇಲೆ ಮೊಳಕ್ಕೊಂದರಂತೆ ಹಗ್ಗ ಉಜ್ಜಿ ಸವೆದ ಗೀರುಗಳು ಕಂಡವು. ಮಂಗಳೂರು ಹೆಂಚು ಪಕಾಸಿಗೆ ಅಡ್ಡಲಾಗಿ ಹೊಡೆದ ರೀಪಿಗೆ ತಾನೇ ಸಿಕ್ಕಿಕೊಂಡು ಕೂರುತ್ತದೆ. ಹಗ್ಗದ ಬಿಗಿತ ಬೇಕಾಗುವುದು ಹುಲ್ಲಿನ ಮಾಡಿಗೆ. ಮುಂಬದಿಯ ಜಗಲಿಯ ಗೋಡೆಯೂ ಒಳಮನೆಯ ಗೋಡೆಗೆ ಕಚ್ಚಿಕೊಳ್ಳದೆ, ನೇರವಾದ ಬಿರುಕೊಂದರಲ್ಲಿ ಬೇರೆಯಾಗಿತ್ತು. ಹುಲ್ಲುಮನೆಯ ಮರಮಟ್ಟನ್ನು ಉಳಿಸಿಕೊಂಡೇ ಅದರ ಮೇಲೆ ಹೆಂಚು ಹೊದಿಸಿ, ಕಣದಲ್ಲಿ ಒಣಗುವ ಕಾಫಿಯನ್ನು ಕುಳಿತಲ್ಲಿಂದಲೇ ನೋಡಲಾಗುವಂತೆ ಬಂಗಲೆ ಮಾದರಿಯ ಜಗಲಿಯನ್ನು ಆಮೇಲೆ ಸೇರಿಸಿದ್ದಾರೆ ಎಂಬುದು ನನ್ನ ತೀರ್ಮಾನ.

ತೇವದ ಕಾರಣ ಮಳೆಯಲ್ಲ. ಬೆಂಗಳೂರಿನ ಎರಡು ಪಟ್ಟಿಗೂ ಮೀರಿದ ಅಲ್ಲಿನ ಮಳೆಗೆಂದೇ ಸೂರು ಮೂರಡಿ ಹೊರಚಾಚಿದೆ. ಹಿಂದಿನ ಗುತ್ತಿಗೆದಾರರು ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದ್ದರು. ನೆಲದಿಂದ ಹೀರಿದ ನೀರನ್ನು ಮಣ್ಣಿನ ಗೋಡೆ ತನ್ನ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚಿದರೆ ನೀರು ಒಳಗೊಳಗೇ ಮೇಲೇರುತ್ತದೆ. ಉಳಿಯಿಂದ ಅದನ್ನು ಕೆತ್ತಿ ತೆಗೆದಾಗ ಹಿಂದಿನ ಮಣ್ಣು ಬೆರಳಿಟ್ಟರೆ ಒಳಹೋಗುವಷ್ಟು ಮೆತ್ತಗಿತ್ತು. ಇಂಥ ಮನೆಯನ್ನು ಕೆಡವುವ ಮಾತಾಡಿದ್ದರಲ್ಲ ಎಂದು ಆಗ ನನಗೆ ನಿಜಕ್ಕೂ ಸಂಕಟವಾಯಿತು.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗೋಡೆಗಳನ್ನು ಬರಿದಾಗಿಯೇ ಬಿಟ್ಟು ಒಣಗಿಸಿದೆವು. ಬಳಿಕ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಬೆರೆಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಿನಲ್ಲಿ ಗಾರೆ ಕಲಸಿ, ತೆಳುವಾಗಿ ಎರಡು ಸಲ ಬಳಿಸಿದೆ. ಬಿಸಿಲು ಬೀಳುವ ಕಡೆ ಒದ್ದೆ ಗೋಣಿತಾಟು ಕಟ್ಟಿಸಿದ ಮೇಸ್ತ್ರಿ, "ಸುಣ್ಣ ಬೇಗ ಒಣಗಿದ್ರೆ ಪುಡಿ ಉದುರುತ್ತೆ ಸಾರ್" ಎಂದು ದಿನಕ್ಕೆರಡು ಬಾರಿ ನೀರು ಚಿಮುಕಿಸುತ್ತಿದ್ದರು.

ಮಳೆಗಾಲ ಕಳೆದು ಹೋದಾಗ ತೇವ ಗೇಣುದ್ದಕ್ಕೆ ಇಳಿದಿತ್ತು. ಈಶಾನ್ಯದ ಮೂಲೆಯೊಂದು ಮಾತ್ರ ಇನ್ನೂ ಆರಿಲ್ಲ. ಅಲ್ಲಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಬೆಳೆದಿದೆ, ಈ ಬೇಸಿಗೆಯಲ್ಲಿ ಅದನ್ನು ತಗ್ಗಿಸಿ ಚರಂಡಿ ತೋಡಿಸಬೇಕಿದೆ.