ಅಟ್ಟದಲ್ಲಿಟ್ಟ ಮಾದರಿ ಕಾರಿನ ಕಿಟ್ಟನ್ನು ಮತ್ತೆ ತೆರೆಯುವವರಿಗೆ

ಬಹಳ ವರ್ಷಗಳ ಬಿಡುವಿನ ನಂತರ ಪ್ಲಾಸ್ಟಿಕ್ ಮಾದರಿ ಕಾರು ಜೋಡಿಸಲು ಮತ್ತೆ ಕೂರುವವರು ಹೊಸ ಕಿಟ್ ತರಿಸುವ ಮೊದಲು ಅಟ್ಟದಲ್ಲಿರುವ ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ನೋಡುವುದು ಒಳ್ಳೆಯದು. ಮೊದಲು ಟಯರುಗಳನ್ನು ಗಮನಿಸಿ. ಮೆದು ವಿನೈಲ್ ಟಯರುಗಳು ಬಾಡಿಗೋ ಗಾಜಿನಂತಿರುವ ಪಾರದರ್ಶಕ ಪ್ಲಾಸ್ಟಿಕ್ ಭಾಗಕ್ಕೋ ತಾಗಿಕೊಂಡು ವರ್ಷಗಟ್ಟಲೆ ಬಿದ್ದಿದ್ದರೆ, ಅವುಗಳಿಂದ ಒಸರುವ ಪ್ಲಾಸ್ಟಿಸೈಸರ್ (ವಿನೈಲನ್ನು ಮೆದುವಾಗಿಸಲು ಬೆರೆಸುವ ರಾಸಾಯನಿಕ) ಕಿಟ್ಟಿನ ಪಾಲಿಸ್ಟೈರೀನ್ ಪ್ಲಾಸ್ಟಿಕನ್ನು ಮೆತ್ತಗಾಗಿಸಿ ಟಯರಿನ ಗೀರುಗಳ ಅಚ್ಚನ್ನೇ ಅಲ್ಲಿ ಮೂಡಿಸಿರುತ್ತದೆ. ಬಾಡಿಯ ಮೇಲಿನ ಅಚ್ಚನ್ನು ಪುಟ್ಟಿ ತುಂಬಿ ಉಜ್ಜಿ ಸರಿಪಡಿಸಬಹುದು. ಗಾಜಿನ ಮೇಲೆ ಆಳವಾಗಿದ್ದರೆ ಆ ಆಸೆ ಬಿಡುವುದೇ ಮೇಲು. ಹಳದಿಯಾದ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಹಾಳೆಯನ್ನು ಪಾರದರ್ಶಕ ಚೀಲದಲ್ಲಿಟ್ಟು ಕಿಟಕಿಯ ಗಾಜಿಗೆ ಅಂಟಿಸಿ ಕೆಲವು ದಿನ ಬಿಸಿಲು ತಾಗಿಸಿದರೆ ಬಣ್ಣ ತಿಳಿಯಾಗುವುದುಂಟು.

ನಮ್ಮ ಮಂಗಳೂರು, ಉಡುಪಿ ಕಡೆ ನಿಜವಾದ ತಲೆನೋವು ಬಣ್ಣದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದ ಗಾಳಿಯಲ್ಲಿ ಲ್ಯಾಕರ್ (ದ್ರಾವಕ ಆವಿಯಾಗಿ ಬೇಗ ಒಣಗುವ ಬಣ್ಣ) ಸ್ಪ್ರೇ ಮಾಡಿದಾಗ, ದ್ರಾವಕ ಬೇಗನೆ ಆವಿಯಾಗಿ ಮೇಲ್ಮೈಯನ್ನು ತಂಪಾಗಿಸುವುದರಿಂದ ಗಾಳಿಯಲ್ಲಿನ ನೀರಿನಂಶ ಹಸಿ ಬಣ್ಣದ ಮೇಲೆಯೇ ಕೂತು, ಹೊಳೆಯಬೇಕಾದ ಕೆಂಪು ಬಣ್ಣ ಹಾಲು ಚೆಲ್ಲಿದಂತೆ ಮಂಕಾಗುತ್ತದೆ. ಆದ್ದರಿಂದ ಮಳೆಗಾಲವನ್ನು ಸೀಟು, ಡ್ಯಾಶ್‌ಬೋರ್ಡ್, ಚಾಸಿಗಳ ಕುಂಚದ ಕೆಲಸಕ್ಕೆ ಮೀಸಲಿಟ್ಟು, ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಡಿಸೆಂಬರ್ ಅಥವಾ ಜನವರಿಯಲ್ಲಿ ಬಿಸಿಲೇರಿದ ಮೇಲೆ, ಗಾಳಿಯಾಡುವ ಜಾಗದಲ್ಲಿ ಮಾಸ್ಕ್ ಧರಿಸಿ, ತೆಳುವಾದ ಹಲವು ಪದರಗಳಲ್ಲಿ ಸ್ಪ್ರೇ ಮಾಡಬೇಕು.

ಕೈ ಮತ್ತೆ ಪಳಗುವವರೆಗೆ 1/24 ಅಳತೆಯ (ನಿಜ ಕಾರಿನ ಇಪ್ಪತ್ನಾಲ್ಕನೇ ಒಂದು ಭಾಗದಷ್ಟು ಉದ್ದದ), ಎಂಜಿನ್ ಭಾಗಗಳಿಲ್ಲದ ಸರಳ ಕಿಟ್ ಸಾಕು.